ಸರಿಯದ ಕಪ್ಪು ಗೆರೆ

"ಮಗಳ ನಿಕಾಹ್ ಒಂದು ಕಳೀಲಿ ಡಾಕ್ಟ್ರೆ, ಮತ್ತೆ ಬೆರಳು ತೆಗೆಯುವ," ಎಂದು ಮೊಯ್ದೀನ್ ಸಲೀಸಾಗಿ ಹೇಳಿಬಿಟ್ಟ. ಬೆರಳೇನೂ ಅವನದಲ್ಲ, ಪಕ್ಕದಲ್ಲಿ ಕೂತಿದ್ದ ಹೆಂಡತಿ ನೆಬೀಸಳದು.

ಆಲಂಕಾರಿನ ಹತ್ತಿರದ ಗೇರುಬೀಜದ ಕಾರ್ಖಾನೆಯಲ್ಲಿ ಬೀಜ ಒಡೆಯುವವಳು ಅವಳು. ಎಷ್ಟು ಬೂದಿ ಹಚ್ಚಿಕೊಂಡರೂ ಸಿಪ್ಪೆಯ ಎಣ್ಣೆ ಕೈ ಬಿಡುವುದಿಲ್ಲ. ಅಲ್ಲಿ ಕಪ್ಪಾಗದ ಉಗುರೇ ಇಲ್ಲ. ಹಾಗಾಗಿ ಬಲ ಹೆಬ್ಬೆರಳಿನ ಉಗುರಿನಲ್ಲಿ ಕಪ್ಪು ಗೆರೆಯೊಂದು ಕಂಡಾಗ ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ಉಗುರು ಬೆಳೆಯಿತು, ಕತ್ತರಿಸಿದಳು, ಮತ್ತೆ ಬೆಳೆಯಿತು. ಗೆರೆ ಮಾತ್ರ ಉಗುರಿನ ಜೊತೆ ಮುಂದೆ ಸರಿಯದೆ, ಅಗಲವಾಗುತ್ತಾ ಚರ್ಮಕ್ಕೂ ಇಳಿಯಿತು. ಪುತ್ತೂರಿನ ಡಾಕ್ಟರು ಚೂರು ತೆಗೆದು ಪರೀಕ್ಷೆ ಮಾಡಿಸಿ, ಮಂಗಳೂರಿಗೆ ಕಳಿಸಿದರು.

"ಚರ್ಮದ ಕ್ಯಾನ್ಸರ್ ಎಲ್ಲ ಒಂದೇ ಅಲ್ಲ," ಎಂದರು ಅಲ್ಲಿನ ಡಾಕ್ಟರ್ ಪ್ರೀತಿಕಾ. "ಕೆಲವು ನಿಧಾನ, ಹೆಚ್ಚಾಗಿ ಇದ್ದಲ್ಲೇ ಇರ್ತವೆ. ಇದು ಮೆಲನೋಮ, ಬೇರೆ ಕಡೆ ಓಡುವಂಥದ್ದು. ಎಣ್ಣೆಯಿಂದ ಬಂದದ್ದಲ್ಲ. ಈಗಲೇ ಗೆಣ್ಣಿನವರೆಗೆ ತೆಗೆದ್ರೆ ಹೆಚ್ಚಿನವರು ಚೆನ್ನಾಗಿ ಬದುಕ್ತಾರೆ. ಕಂಕುಳಿನ ಗಂಟಿಗೆ ಹೋದ ಮೇಲೆ ನಾನು ಅಷ್ಟು ಧೈರ್ಯ ಹೇಳ್ಲಿಕ್ಕಿಲ್ಲ."

ಹೊರಗೆ ಬಂದ ಮೇಲೆ ಮೊಯ್ದೀನ್ ದನಿ ತಗ್ಗಿಸಿದ. "ಬರುವ ತಿಂಗಳು ಮದರಂಗಿಗೆ ಗಂಡಿನ ಕಡೆಯವರೆಲ್ಲ ಬರ್ತಾರೆ. ತಾಯಿಗೆ ಕ್ಯಾನ್ಸರ್ ಅಂತ ಗೊತ್ತಾದ್ರೆ ಎಂತ ಹೇಳಿಯಾರು?"

"ಹೇಳಲಿ. ಕೇಳ್ಲಿಕ್ಕೆ ನಾನು ಇರ್ಬೇಕಲ್ಲ?"

ಅವಳಿಗೆ ಹೆದರಿಕೆ ಇತ್ತು. ಆದರೂ ತಿರುಗಿ ಒಳಗೆ ಹೋಗಿ ಆಪರೇಷನ್ನಿಗೆ ದಿನ ಗೊತ್ತು ಮಾಡಿಕೊಂಡು ಬಂದಳು.

ಹೆಬ್ಬೆರಳನ್ನು ಗೆಣ್ಣಿನವರೆಗೆ ತೆಗೆದರು. ಕಂಕುಳಿಗೆ ಹರಡಿಲ್ಲ ಎಂದು ವರದಿ ಬಂತು. ಇನ್ನು ವರ್ಷಗಟ್ಟಲೆ ತಪಾಸಣೆಗೆ ಹೋಗುತ್ತಿರಬೇಕು.

ಮದರಂಗಿಯ ದಿನ ಬೆಳಿಗ್ಗೆಯೇ ಮೊಯ್ದೀನ್, "ಕೈ ಶಾಲಿನ ಒಳಗೆ ಇಟ್ಕೋ," ಎಂದಿದ್ದ. ಆದರೆ ಮಗಳ ಅಂಗೈಗೆ ಮದರಂಗಿಯ ಮೊದಲ ಬೊಟ್ಟು ತಾಯಿ ಇಡುವುದು ಆ ಮನೆಯ ಪದ್ಧತಿ. "ಉಮ್ಮ, ಬನ್ನಿ," ಎಂದು ಮಗಳು ಜುಮಾನಾ ಅಂಗೈ ಚಾಚಿದಳು. ನೆಬೀಸ ಶಾಲು ಸರಿಸಿ, ಬ್ಯಾಂಡೇಜು ಸುತ್ತಿದ ಬಲಗೈಯನ್ನೇ ಮುಂದೆ ತಂದಳು. ನೆರೆದ ಹೆಂಗಸರು ಬಗ್ಗಿ ನೋಡಿದರು. ಬೊಟ್ಟು ಇಡುವಷ್ಟರಲ್ಲಿ ಅವಳ ಹಣೆ ಬೆವರಿತ್ತು.

ಗಂಡಿನ ತಾಯಿ ರುಖಿಯಮ್ಮ ಅದನ್ನೇ ನೋಡುತ್ತಿದ್ದರು. "ಏನಾಯ್ತು ಕೈಗೆ?"

"ಕ್ಯಾನ್ಸರ್. ತೆಗೆಸಿದೆ."

"ನೋವುಂಟಾ?"

"ಸ್ವಲ್ಪ ಉಂಟು."

ರುಖಿಯಮ್ಮ ಎದ್ದು ಬಂದು ಎದುರು ಕೂತರು. ರವಿಕೆಯ ತೋಳು ಮೇಲಕ್ಕೆ ಸರಿಸಿ ತಮ್ಮ ಅಂಗೈ ಚಾಚಿದರು. "ನನಗೂ ಇಡು."

ನೆಬೀಸ ಮದರಂಗಿಯ ಕೋನನ್ನು ಉಳಿದ ಬೆರಳುಗಳ ನಡುವೆ ಬಿಗಿಯಾಗಿ ಹಿಡಿದಳು. ಗೆರೆ ಸೊಟ್ಟಗೆ ಹೋಯಿತು. ರುಖಿಯಮ್ಮ ಕೈ ಅಲುಗಿಸಲಿಲ್ಲ.