ಜಿಗಣೆಗೊಂದು ಸೇತು ನಿಧಿ

ನಾನು ಜಿಗಣೆಗಳ ಮೇಲೆ ಸಂಶೋಧನೆ ಮಾಡುವವಳು. ಹೀಗೆಂದ ಕೂಡಲೇ ಜನ ಕಾಲು ಮೇಲೆತ್ತಿಕೊಂಡು ಕೂರುತ್ತಾರೆ. ಅಭ್ಯಾಸವಾಗಿದೆ, ಬಿಡಿ. ಹೊಟ್ಟೆ ತುಂಬಿದ ತಕ್ಷಣ ಜಿಗಣೆ ಕಚ್ಚಿದ್ದನ್ನು ತಾನಾಗಿಯೇ ಬಿಟ್ಟು ಉದುರುತ್ತದೆ. ಸಾಕು ಎನ್ನುವುದು ಅದಕ್ಕೆ ಹೇಗೆ ಗೊತ್ತಾಗುತ್ತದೆ? ಮನುಷ್ಯರಲ್ಲಿ ಎಷ್ಟು ಜನಕ್ಕೆ ಗೊತ್ತಾಗುತ್ತದೆ ಹೇಳಿ! ಅದೇ ನನ್ನ ವಿಷಯ.

ಈ ಕೆಲಸಕ್ಕೆ ದುಡ್ಡು ಕೊಡುತ್ತಿದ್ದದ್ದು ಹೊರಗಿನ ಒಂದು ಸಂಸ್ಥೆ. ಅದರ ಅನುದಾನ ಈ ತಿಂಗಳಿಗೆ ಮುಗಿಯುತ್ತಿತ್ತು. ಮತ್ತೆ ಹಾಕಿದ ಅರ್ಜಿಯನ್ನು ತಳ್ಳಿಹಾಕಿದ್ದರು. ಇನ್ನೊಮ್ಮೆ ಹಾಕಬಹುದು, ಆದರೆ ಉತ್ತರಕ್ಕೆ ಆರು ತಿಂಗಳು ಕಾಯಬೇಕು. ನನ್ನ ಸಂಬಳವನ್ನೇನೋ ವಿಶ್ವವಿದ್ಯಾಲಯ ಕೊಡುತ್ತದೆ, ನನ್ನ ಸಹಾಯಕಿಯದ್ದು ಕೊಡುವುದಿಲ್ಲ. ಎಷ್ಟೋ ವರ್ಷದಿಂದ ಜೊತೆಗಿರುವ ಹುಡುಗಿ. ಜಿಗಣೆಯನ್ನು ಬರಿಗೈಯಲ್ಲಿ ಎತ್ತಿ "ಬಾ ಚಿನ್ನ" ಎನ್ನುವವಳು ಪ್ರಪಂಚದಲ್ಲಿ ಅವಳೊಬ್ಬಳೇ ಇರಬೇಕು. ಮೀನಿನ ಆಹಾರ ತಯಾರಿಸುವ ಕಂಪನಿಯೊಂದು ಅವಳನ್ನು ಕೆಲಸಕ್ಕೆ ಕರೆದಿತ್ತು. ಶುಕ್ರವಾರ ಸಂಜೆಯೊಳಗೆ ಅವಳು ಹೂಂ ಇಲ್ಲವೇ ಉಹೂಂ ಅನ್ನಬೇಕಿತ್ತು.

"ನಂಗೆ ಹೋಗೋಕೆ ಇಷ್ಟ ಇಲ್ಲ ಅಕ್ಕಾ," ಅಂದಳು. "ಆದ್ರೆ ಅಮ್ಮಂಗೆ ಏನಂತ ಹೇಳ್ಲಿ? ಆರು ತಿಂಗಳು ಜಿಗಣೆ ಮುಖ ನೋಡ್ಕೊಂಡು ಇರ್ತೀನಿ ಅಂತ್ಲಾ?"

ಅವಳನ್ನು ಬೈಯಲು ನನಗೆ ಬಾಯಿಲ್ಲ. ಅವಳು ಹೋಗುತ್ತಾಳೆಂದು ನೆನೆದರೇ ಸಂಕಟವಾಗುತ್ತಿತ್ತು.

ಎರಡು ಅನುದಾನಗಳ ನಡುವೆ ನೀರಿಗೆ ಬಿದ್ದವರಿಗೆಂದೇ ನಮ್ಮ ವಿಶ್ವವಿದ್ಯಾಲಯದಲ್ಲಿ ಸೇತು ನಿಧಿ ಎಂಬುದೊಂದಿದೆ. ಅದು ಸಿಗಬೇಕಾದರೆ ನಮಗೆ ಹಣದ ತುರ್ತಿರಬೇಕು. ಜೊತೆಗೆ ಹೊರಗಿನ ಹಣ ಬಂದೇ ಬರುತ್ತದೆಂಬ ಖಾತರಿಯೂ ಇರಬೇಕು. ಖಾತರಿ ಇದ್ದರೆ ನಾನೇಕೆ ಇವರ ಬಾಗಿಲು ತಟ್ಟಲಿ? ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಮೊದಲ ಸಲ, ಅನುದಾನ ಖಂಡಿತ ಬರುತ್ತದೆ ಎಂದು ಬರೆದೆ. ಹಾಗಿದ್ದರೆ ಕಾಯಿರಿ ಎಂದರು. ಎರಡನೇ ಸಲ, ಮುಳುಗುತ್ತಿದ್ದೇವೆ ಎಂದು ಬರೆದೆ. ಮುಳುಗುವವರಿಗೆ ಹಣ ಹಾಕಲಾಗದು ಎಂದರು. ಮೂರನೇ ಸಲ, ಮುಳುಗುತ್ತಿದ್ದೇವೆ, ಆದರೆ ಈಜು ಬರುತ್ತದೆ ಎಂದು ಬರೆದೆ. ಅದೇ ಶುಕ್ರವಾರ ಮಧ್ಯಾಹ್ನ ನಿಧಿಯ ಸಮಿತಿಯ ಮುಂದೆ ಕರೆದರು.

ಸಮಿತಿಯಲ್ಲಿ ಮೂವರು. ಅಧ್ಯಕ್ಷರು, ಹಣಕಾಸು ವಿಭಾಗದ ಮೇಡಂ, ಮತ್ತು ಬಿಸ್ಕತ್ತು ತಿನ್ನುವುದಕ್ಕೆಂದೇ ಬಂದಂತಿದ್ದ ಒಬ್ಬ ಪ್ರೊಫೆಸರು.

"ಕೆಲಸ ತುಂಬಾ ಒಳ್ಳೇದಮ್ಮಾ," ಅಂದರು ಅಧ್ಯಕ್ಷರು. "ಆದ್ರೆ ಇಂಥದ್ದಕ್ಕೆ ಮೊದಲು ಹೊರಗಿನ ಸಂಸ್ಥೆ ಕೈ ಹಿಡೀಬೇಕು. ಅವರು ಹಿಡಿದ್ರೆ ನಾವು ಇದ್ದೇ ಇರ್ತೀವಿ."

"ಅವರೇ ಹಿಡಿದ್ರೆ ನೀವ್ಯಾಕೆ ಸಾರ್?" ಬಾಯಿಂದ ಬಂದೇಬಿಟ್ಟಿತು.

ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. "ಇನ್ನೊಂದು ಮಾತು. ಇದನ್ನೇ ಕಪ್ಪೇಲಿ ಮಾಡಬಹುದಿತ್ತಲ್ಲಾ?"

ಕಪ್ಪೆ! ನಾನು ಕೂತಲ್ಲೇ ನೆಟ್ಟಗಾದೆ. ಹೊರಗಿನ ಸಂಸ್ಥೆಯವರು ನಮ್ಮ ಅರ್ಜಿಯನ್ನು ಯಾರೋ ತಜ್ಞರಿಗೆ ಕಳಿಸಿ ಅಭಿಪ್ರಾಯ ಕೇಳುತ್ತಾರೆ. ಅವರ ಹೆಸರು ನಮಗೆ ತಿಳಿಯದು, ನಮ್ಮ ಹೆಸರು ಅವರಿಗೆ ತಿಳಿಯದು. ನನ್ನ ಅರ್ಜಿಯನ್ನು ಕೆಡಿಸಿದ ಪುಣ್ಯಾತ್ಮ ಬರೆದಿದ್ದೂ ಇದನ್ನೇ: ಕಪ್ಪೆಯಲ್ಲಿ ಏಕೆ ಮಾಡಬಾರದು? ರಕ್ತ ಕುಡಿಯುವ ಕಪ್ಪೆಯನ್ನು ಎಲ್ಲಿಂದ ತರೋಣ ಎಂದು ನಾನೂ ಆ ಹುಡುಗಿಯೂ ತಿಂಗಳಿಡೀ ಅವನಿಗೆ ಶಾಪ ಹಾಕಿದ್ದೆವು.

"ಸಾರ್, ನೀವು ಕಪ್ಪೆ ಮೇಲೆ ಕೆಲಸ ಮಾಡಿದ್ರಾ?"

ಅವರ ಮುಖ ಅರಳಿತು. "ಹಳೇ ಮಾತು. ನನ್ನ ಪಿಎಚ್.ಡಿ. ಕಪ್ಪೇದೇ. ಕಪ್ಪೆ ಅಂದ್ರೆ ಏನಂದ್ಕೊಂಡ್ರಿ!"

ಕಳ್ಳ ಸಿಕ್ಕಿಬಿದ್ದ. ನನಗೆ ಮೈಯೆಲ್ಲ ಉರಿದುಹೋಯಿತು. ಮೇಜು ಗುದ್ದಿ ಕೇಳಿಯೇಬಿಡೋಣ ಅನ್ನಿಸಿತು. ಆದರೆ ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬಂದೀತೇ? ಕೆಳಗೆ ಪ್ರಯೋಗಾಲಯದಲ್ಲಿ ಹುಡುಗಿ ಫೋನು ಹಿಡಿದು ಕಾಯುತ್ತಿದ್ದಳು. ದನಿಗೆ ಬೆಣ್ಣೆ ಸವರಿಕೊಂಡೆ.

"ಆ ಸಂಸ್ಥೆಯ ತಜ್ಞರೂ ಕಪ್ಪೆ ಅಂತ್ಲೇ ಬರೆದಿದ್ದಾರೆ ಸಾರ್. ಓದ್ಲಾ?"

ಅಧ್ಯಕ್ಷರ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. "ಬೇಡ ಬೇಡ, ಹೊತ್ತಾಯ್ತು."

"ಓದ್ಲಿ ಬಿಡಿ," ಅಂದರು ಹಣಕಾಸಿನ ಮೇಡಂ.

ಓದಿದೆ. "ಕೆಲಸ ತುಂಬಾ ಒಳ್ಳೆಯದು. ಆದರೆ ಇಂಥದ್ದಕ್ಕೆ ಮೊದಲು ಸ್ವಂತ ವಿಶ್ವವಿದ್ಯಾಲಯವೇ ಕೈ ಹಿಡಿಯಬೇಕು. ಅದು ಹಿಡಿದರೆ ಮುಂದಿನ ಸಲ ಅನುದಾನ ಕೊಡಲು ಅಡ್ಡಿಯಿಲ್ಲ. ಆದರೂ, ಕಪ್ಪೆಯಲ್ಲಿ ಏಕೆ ಮಾಡಬಾರದು?"

ಬಿಸ್ಕತ್ತಿನ ಪ್ರೊಫೆಸರು ಅಂದು ಮೊದಲ ಬಾರಿಗೆ ಬಾಯಿ ಬಿಟ್ಟರು. "ಯಾರೋ ತಲೆ ಇಲ್ಲದೋನು ಬರ್ದಿರ್ಬೇಕು. ಕಪ್ಪೆಯಂತೆ ಕಪ್ಪೆ!"

"ಯಾರ್ರೀ ತಲೆ ಇಲ್ಲದೋನು?" ಅಧ್ಯಕ್ಷರು ಎದ್ದೇ ನಿಂತರು. "ಬಹಳ ತಿಳಿದವರು ಬರ್ದಿರೋದು ಅದು! ಒಂದೊಂದು ಮಾತೂ ಮುತ್ತು!"

"ಹಾಗಾದ್ರೆ ಅವರ ಮಾತಿನ ಪ್ರಕಾರ ಮೊದಲು ನಾವೇ ಕೊಡ್ಬೇಕಲ್ಲ ಸಾರ್," ಅಂದರು ಮೇಡಂ, ಪೆನ್ನಿನ ಮುಚ್ಚಳ ತೆಗೆಯುತ್ತಾ. "ಹಾಗಂತ ಬರ್ಕೊಳ್ಲಾ, ಇಲ್ಲಾ ಆ ತಜ್ಞರು ಹೇಳಿದ್ದು ತಪ್ಪು ಅಂತ ಬರ್ಕೊಳ್ಲಾ?"

ಅತ್ತ ದರಿ, ಇತ್ತ ಪುಲಿ. ಅಧ್ಯಕ್ಷರು ನನ್ನ ಮುಖ ನೋಡಿದರು. ನಾನು ಏನೂ ಅರಿಯದವಳ ಹಾಗೆ ಕಣ್ಣು ಬಿಟ್ಟುಕೊಂಡು ಕೂತಿದ್ದೆ.

"ಆರು ತಿಂಗಳಿಗೆ ಕೊಡೋಣ," ಅಂದರು ಕೊನೆಗೆ. "ಆದ್ರೆ ಒಂದು ತೊಟ್ಟೀಲಿ ಕಪ್ಪೇನೂ ಸಾಕ್ಬೇಕು. ಆ ತಜ್ಞರ ಮಾತಿಗೂ ಒಂದು ಬೆಲೆ ಬೇಡ್ವಾ?"

"ಕಪ್ಪೆ ಏನು ಸಾರ್, ಮೊಸಳೆ ಬೇಕಾದ್ರೂ ಸಾಕ್ತೀನಿ."

ಮೆಟ್ಟಿಲನ್ನು ಎರಡೆರಡಾಗಿ ಹಾರಿಕೊಂಡು ಕೆಳಗೆ ಬಂದೆ. ಹುಡುಗಿ ಜಿಗಣೆಗಳ ಗಾಜಿನ ತೊಟ್ಟಿಯ ಮುಂದೆ ನಿಂತಿದ್ದಳು.

"ಹೂಂ ಅಂದ್ಬಿಟ್ಯೇನೆ?"

"ಬರೆದಿಟ್ಟಿದ್ದೀನಿ ಅಕ್ಕಾ. ಕಳಿಸೋಕೆ ಕೈ ಬರ್ತಿಲ್ಲ."

"ಅಳಿಸ್ಹಾಕು! ಆರು ತಿಂಗಳು ನಿನ್ನ ಸಂಬಳಕ್ಕೆ ಮೋಸ ಇಲ್ಲ!"

ಅವಳು ಸ್ಟೂಲಿನ ಮೇಲೆ ಕುಸಿದು ಗೊಳೋ ಎಂದು ಅತ್ತಳು. ನಾನೂ ಅತ್ತೆ, ನಾಚಿಕೆಯೇನು ಬಂತು? ಮೂಗು ಒರೆಸಿಕೊಳ್ಳುತ್ತಾ ಕಪ್ಪೆಯ ಷರತ್ತು ಹೇಳಿದೆ.

ಅವಳ ಅಳು ಗಕ್ಕನೆ ನಿಂತಿತು. "ಕಪ್ಪೆನಾ? ಅಯ್ಯಯ್ಯೋ! ಕಪ್ಪೆ ಕಂಡ್ರೆ ನಂಗೆ ಜೀವ ಹೋಗುತ್ತೆ ಅಕ್ಕಾ. ನಾನು ಮೀನಿನ ಕಂಪನಿಗೇ ಹೋಗ್ತೀನಿ." ಹೆಬ್ಬೆರಳು ಫೋನಿನ ಮೇಲೆ ಹೋಗಿಯೂಬಿಟ್ಟಿತ್ತು.

ನೆಗೆದು ಅವಳ ಕೈ ಹಿಡಿದುಕೊಂಡೆ. "ನೀನು ಮುಟ್ಟಬೇಡ ತಾಯಿ! ಆ ತೊಟ್ಟಿ ಕಡೆ ತಿರುಗೀನೂ ನೋಡಬೇಡ. ಕಪ್ಪೆ ಹಿಡಿಯೋದು, ಸಾಕೋದು, ತೊಟ್ಟಿ ತೊಳೆಯೋದು, ಎಲ್ಲಾ ನಂದು."

ಅವಳು ಕಣ್ಣೊರೆಸಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಬಾಯಿ ಮಾತು ಬೇಡ. ಬರೆದು ಸಹಿ ಹಾಕ್ಕೊಡಿ."

ಹಾಕಿಕೊಟ್ಟೆ.