ತಗಡಲ್ಲದ ಕಾರು

ಧನಕವಡಿಯ ಲಾಲಪ್ಪನ ಗ್ಯಾರೇಜಿಗೆ ಅದುವರೆಗೆ ಬಂದ ಗಾಡಿಗಳೆಲ್ಲ ಎಷ್ಟೇ ನುಗ್ಗಾಗಿದ್ದರೂ ತಮ್ಮ ಗಾಲಿಯ ಮೇಲೆ ತಾವೇ ಬಂದಿದ್ದವು. ಈ ಕಾರು ಮಾತ್ರ ಟೆಂಪೊ ಹತ್ತಿ ಬಂತು. ಗಾಲಿಗಳಿದ್ದವು, ಅವುಗಳಲ್ಲಿ ಗಾಳಿ ಇರಲಿಲ್ಲ. ಎರಡೇ ಸೀಟು, ಉದ್ದ ಮೂಗು, ಮೇಲೆ ಛಾವಣಿ ಇಲ್ಲ. ಎತ್ತರ ಎಷ್ಟೆಂದರೆ, ಪಕ್ಕದಲ್ಲಿ ನಿಂತ ಎಮ್ಮೆ ಕತ್ತು ಎತ್ತದೆಯೇ ಅದರ ಆಚೆಯ ರಸ್ತೆ ನೋಡಬಹುದಿತ್ತು. ಹೆಸರಿನ ಬಿಲ್ಲೆ ಎಂದೋ ಕಳಚಿ ಬಿದ್ದಿದ್ದರಿಂದ ಅದು ಯಾವ ಕಂಪನಿಯದೆಂದು ಯಾರಿಗೂ ತಿಳಿಯುವಂತಿರಲಿಲ್ಲ. ಡ್ರೈವರ್ ಸೀಟಿನಲ್ಲಿ ಬೆಕ್ಕೊಂದು ಬಾಣಂತನ ಮುಗಿಸಿಕೊಂಡು ಹೋದ ಗುರುತುಗಳಿದ್ದವು.

ಹಿಂದೆಯೇ ರಿಕ್ಷಾದಿಂದ ಮಲಕಪ್ಪ ಇಳಿದ. ಅದೇ ಮರಾಠಿ ಶಹರದ ಸದಾಶಿವ ಪೇಠೆಯಲ್ಲಿ ಸ್ಟೀಲ್ ಪಾತ್ರೆಯ ಅಂಗಡಿ ಇಟ್ಟವನು, ಮೂಲತಃ ಇಂಡಿ ಕಡೆಯವನು. ಪಾತ್ರೆ ವ್ಯಾಪಾರ ಮಾಡಿ ಮಾಡಿ ಅವನಿಗೆ ಕಣ್ಣಿಗಿಂತ ಬೆರಳ ಗೆಣ್ಣಿನ ಮೇಲೆ ಹೆಚ್ಚು ನಂಬಿಕೆ ಬಂದುಬಿಟ್ಟಿತ್ತು. ಕೊಡ, ಕಲ್ಲಂಗಡಿ, ಬಾಗಿಲು, ಅಳಿಯನ ತಲೆ, ಯಾವುದನ್ನೂ ಬಡಿದು ನೋಡದೆ ಒಪ್ಪಿಕೊಂಡವನಲ್ಲ. ಟೆಂಪೊದ ಮೇಲಿದ್ದಾಗಲೇ ಕಾರನ್ನೂ ಬಡಿದ.

"ಕೇಳ್ ಲಾಲಪ್ಪ. ಟಣ್ ಅನ್ನಂಗಿಲ್ಲ, ದೊಪ್ ಅಂತದ. ಅಂದ್ರ ತಗಡ ಎಷ್ಟ ದಪ್ಪ ಇರಬೇಕು! ವಿಲಾಯತಿ ಮಾಲು."

ಇಳಿಸಲು ಆರು ಜನ ಬಂದರು. ಸೊಂಟ ಕಟ್ಟಿ, ಉಸಿರು ಹಿಡಿದು, 'ಹೂಂ' ಎಂದು ಎತ್ತಿದರು. ಕಾರು ಎದೆಮಟ್ಟಕ್ಕೆ ಹಾರಿ ಬಂತು. ಹಿಂದಿದ್ದವನು ಅಷ್ಟು ಜೋರು ಹಾಕಿದ್ದನ್ನು ಎಲ್ಲಿ ಇಡುವುದೆಂದು ತಿಳಿಯದೆ ನೆಲದ ಮೇಲೆ ಕೂತುಬಿಟ್ಟ.

"ಸಾಹುಕಾರ್ರ, ಇದೇನ್ ಕಾರೋ ತೊಟ್ಟಿಲೋ?" ಎಂದ ಲಾಲಪ್ಪ.

"ನಿಮ್ಮ ಮಂದಿ ಗಟ್ಟಿ ಅದಾರ. ನಾನೂ ಹಂಗ ಇದ್ದೆ," ಎಂದ ಮಲಕಪ್ಪ. ಆಮೇಲೆ ಕೇಳದಿದ್ದರೂ ಕಥೆ ಹೇಳಿದ. ಇಪ್ಪತ್ತರ ವಯಸ್ಸಿನಲ್ಲಿ ಅವನು ಪಾತ್ರೆ ಅಂಗಡಿಯ ಆಳಾಗಿದ್ದಾಗ, ಎದುರಿನ ದೊಡ್ಡ ವಾಡೆಮನೆಯ ಇಂಜಿನಿಯರ್ ಸಾಹೇಬರು ಈ ಕಾರನ್ನು ವಿಲಾಯತಿಯಿಂದ ತರಿಸಿದ್ದರು. ಅದು ಒಂದು ದಿನವೂ ತಾನಾಗಿ ಚಾಲೂ ಆಗಲಿಲ್ಲ. ದಿನಾ ಬೆಳಿಗ್ಗೆ ಮಲಕಪ್ಪನೇ ಮೂಲೆಯವರೆಗೆ ನೂಕಬೇಕು. "ಎಡಗೈಲೆ ನೂಕ್ತಿದ್ದೆ. ಬಲಗೈಯಾಗ ಚಾದ ಕಪ್ಪ ಇರ್ತಿತ್ತು. ಆ ಸಾಹೇಬ ಏಳು ವರ್ಷದಾಗ ಒಂದ್ ದಿನರ ಬಾ, ಕೂಡು ಅನ್ಲಿಲ್ಲ." ಈಗ ಸಾಹೇಬರಿಲ್ಲ. ವಾಡೆ ಬಿಲ್ಡರನ ಪಾಲಾಗುತ್ತಿತ್ತು. ಅಂಗಳದಲ್ಲಿ ಹರಕು ತಾಡಪತ್ರಿಯ ಕೆಳಗೆ ಕೊಳೆಯುತ್ತಿದ್ದ ಕಾರನ್ನು ಮಲಕಪ್ಪ ಕೊಂಡುಬಿಟ್ಟಿದ್ದ. ಒಮ್ಮೆ ಅದರಲ್ಲಿ ಕೂರಬೇಕಿತ್ತು, ಅಷ್ಟೇ.

ಗ್ಯಾರೇಜಿನ ಮೂಲೆಯಲ್ಲಿ ಜೀಪಿನ ಬಾಗಿಲಿಗೆ ಪಾಲಿಶ್ ಪೇಪರ್ ತಿಕ್ಕುತ್ತಿದ್ದ ಶಿವಕಾಂತಾ ಇದನ್ನೆಲ್ಲ ಕೇಳಿಸಿಕೊಂಡಳು. ಕಿವಿಗೂ ಕಣ್ಣಿಗೂ ಬಿಡುವಿಲ್ಲದಿದ್ದರೂ ಅವಳು ಅಲ್ಲಿ ಬಾಯಿಂದ ಮಾಡುವ ಕೆಲಸ ಊಟವೊಂದೇ. ಏಳನೆಯ ತರಗತಿಗೆ ಶಾಲೆ ಬಿಟ್ಟವಳು. ತಾಯಿ ಮಾನಮ್ಮ ಕಟ್ಟಡಗಳಲ್ಲಿ ಸಿಮೆಂಟು ಹೊರುತ್ತಿದ್ದಳು. ಲಾಲಪ್ಪ ಅವರೂರಿನವನೇ, ಸೇಡಂ ಕಡೆಯವನು. ಅದಕ್ಕೇ ಅವನು ಇವಳಿಗೆ ಕಾಕಾ.

ಲಾಲಪ್ಪನ ಹತ್ತಿರ ಬರುವ ಮೊದಲು ಅವಳು ಮೂರು ವರ್ಷ ಕಾತ್ರಜದ ಒಂದು ಶೆಡ್ಡಿನಲ್ಲಿ ಫೈಬರಿನ ನೀರಿನ ಟಾಕಿ ಮಾಡುವ ಕೆಲಸದಲ್ಲಿದ್ದಳು. ಗಾಜಿನ ನೂಲಿನ ಮ್ಯಾಟ್ ಹಾಸಿ, ಮೇಲೆ ರೆಸಿನ್ ಎಂಬ ಅಂಟು ಬಳಿದು, ಪದರದ ಮೇಲೆ ಪದರ ಕೂರಿಸುವ ಕೆಲಸ. ಹೆಂಗಸರು ಮ್ಯಾಟ್ ಕತ್ತರಿಸಬೇಕು, ಬ್ರಶ್ ಹಿಡಿಯುವವನು ಮೇಸ್ತ್ರಿ ಎಂಬುದು ಅಲ್ಲಿಯ ರಿವಾಜು. ಆದರೆ ಮೇಸ್ತ್ರಿಯ ಕೈ ಹಿಂದಿನ ದಿನದ ಕುಡಿತದಿಂದ ಮಧ್ಯಾಹ್ನದವರೆಗೂ ನಡುಗುತ್ತಿತ್ತು. ಹಾಗಾಗಿ ಬೆಳಗಿನ ಬ್ರಶ್ಶು ಶಿವಕಾಂತಾಳ ಕೈಯಲ್ಲಿರುತ್ತಿತ್ತು, ಸಂಜೆಯ ಶಾಭಾಸ್‌ಗಿರಿ ಮೇಸ್ತ್ರಿಯ ಹೆಗಲ ಮೇಲೆ. ಧನಕವಡಿಯ ಮಾಳಿಗೆಗಳ ಮೇಲೆ ನಿಂತ ಟಾಕಿಗಳಲ್ಲಿ ಅರ್ಧ ಅವಳು ಕಟ್ಟಿದವು. ಅದು ಅವಳಿಗೆ ಗೊತ್ತಿತ್ತು, ಟಾಕಿಗಳಿಗೆ ಗೊತ್ತಿತ್ತು. ಅಗ್ಗದ ಕರಿ ಪ್ಲಾಸ್ಟಿಕ್ ಟಾಕಿಗಳು ಬಂದ ಮೇಲೆ ಶೆಡ್ಡು ಮುಚ್ಚಿತು.

ಈಗ ಕಾರಿನ ಹಿಂದಿನ ಗಾಲಿಯ ಬಳಿ ಒಡೆದ ಅಂಚಿನಲ್ಲಿ ಬಿಳಿ ಬಿಳಿ ಕೂದಲು ಇಣುಕುವುದು ಕಂಡಿತು. ಕಂಡ ಕೂಡಲೇ, ಮೂರು ವರ್ಷ ಅದು ಚುಚ್ಚಿದ್ದ ಅವಳ ಮೊಣಕೈ ತುರಿಸತೊಡಗಿತು. ಗಾಜಿನ ನೂಲು. ಇದು ತಗಡೇ ಅಲ್ಲ.

ಹೇಳಬೇಕಿತ್ತು. ಆದರೆ ಹೇಳಿದರೆ ಕಾಕಾ ತಿರುಗಿ ನೋಡುತ್ತಾನೆ, ಸಾಹುಕಾರ ನೋಡುತ್ತಾನೆ, ಆ ಆರು ಜನವೂ ನೋಡುತ್ತಾರೆ. ಹದಿನಾರು ಕಣ್ಣು. ಅವಳು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಲಾಲಪ್ಪ ಸುತ್ತಿಗೆ ಎತ್ತಿದ್ದ.

ತನ್ನ ಸುತ್ತಿಗೆ ಬಿದ್ದಲ್ಲಿ ಡೊಂಕು ಉಳಿಯುವುದಿಲ್ಲ ಎಂದು ಲಾಲಪ್ಪ ಹೇಳುತ್ತಿದ್ದ. ಬೇರೆ ಯಾರೂ ಹಾಗೆ ಹೇಳಿದ್ದನ್ನು ಶಿವಕಾಂತಾ ಕೇಳಿರಲಿಲ್ಲ. ಮೊದಲ ಏಟಿಗೆ ಸುತ್ತಿಗೆ ಪುಟಿದು ಹಿಂದೆ ಬಂತು. "ಭಾರಿ ಹಟಮಾರಿ ಅದ," ಎಂದು ಇನ್ನೊಂದು ಹಾಕಿದ. ಫಟ್! ಜೋಳದ ರೊಟ್ಟಿಯಷ್ಟು ಅಗಲದ ತುಂಡು ಕಳಚಿ ನೆಲಕ್ಕೆ ಬಿತ್ತು. ಲಾಲಪ್ಪ ಮೊದಲು ಸುತ್ತಿಗೆಯನ್ನು ನೋಡಿದ, ತಪ್ಪು ಅದರದ್ದೇನೋ ಎಂಬಂತೆ.

ಮಲಕಪ್ಪ ತುಂಡನ್ನು ಎತ್ತಿಕೊಂಡ. ಬಾಗಿಸಿದ, ಮೂಸಿದ, ಕೊನೆಗೆ ಕಚ್ಚಿಯೂ ನೋಡಿದ.

"ಪ್ಲಾಸ್ಟಿಕ್," ಎಂದ. ಸ್ಟೀಲಿನ ವ್ಯಾಪಾರಿಯ ಬಾಯಲ್ಲಿ ಅದು ಬೈಗುಳ. ಪ್ಲಾಸ್ಟಿಕ್ ಬಕೆಟ್ಟುಗಳು ಅವನ ಅಂಗಡಿಗೆ ಮಾಡಿದ ಹಾನಿ ಅಷ್ಟಿಷ್ಟಲ್ಲ.

ಆಮೇಲೆ ಅವನು ಮಾಡಿದ್ದನ್ನು ನೋಡಿ ಯಾರಿಗೂ ನಗು ಬರಲಿಲ್ಲ. ಬಗ್ಗಿ, ಎಡಗೈಯಿಂದ ಕಾರಿನ ಹಿಂಭಾಗ ಎತ್ತಿದ. ಅದು ಎದ್ದಿತು. ಅರವತ್ತು ಸಮೀಪಿಸಿದ, ಎರಡು ಮೆಟ್ಟಿಲಿಗೆ ಏದುಸಿರು ಬಿಡುವ ಮನುಷ್ಯ ಅದನ್ನು ಹಿಡಿದುಕೊಂಡೇ ನಿಂತಿದ್ದ.

"ಅಂದ್ರ ಅವಾಗೂ ಇದು ಇಷ್ಟ ಹಗೂರ ಇತ್ತೇನು?"

ಮೂವತ್ತು ವರ್ಷದಿಂದ ಹೇಳಿಕೊಂಡು ಬಂದ ಎಡಗೈಯ ಶಕ್ತಿ ಎಲ್ಲರ ಎದುರಿಗೇ ಇಳಿದುಹೋಯಿತು. ಕಾರನ್ನು ಕೆಳಗೆ ಬಿಟ್ಟು, "ನಾಳಿಗಿ ಗುಜರಿಯವಗ ಕರಸು. ಒಯ್ಯಲಿ," ಎಂದು ರಿಕ್ಷಾ ಹತ್ತಿದ.

ಶಿವಕಾಂತಾ ಅವತ್ತು ಜೀಪಿನ ಬಾಗಿಲನ್ನು ಎಷ್ಟು ತಿಕ್ಕಿದಳೆಂದರೆ ಒಂದು ಕಡೆ ಹಳೇ ಬಣ್ಣವೂ ಹೋಗಿ ತಗಡೇ ಕಂಡಿತು. ಈ ಗ್ಯಾರೇಜಿಗೆ ಇಂಥ ಗಾಡಿ ಇನ್ನೊಂದು ಬರುವುದಿಲ್ಲ. ಇದು ನಾಳೆ ಹೋದರೆ ತನಗೆ ಬಾಕಿ ಉಳಿಯುವುದು ಬಾಗಿಲು, ಬಾನೆಟ್ಟು, ಪಾಲಿಶ್ ಪೇಪರು. ಒಮ್ಮೆ ಇದನ್ನು ಕಟ್ಟಬೇಕು. ಕಟ್ಟಿದವಳು ನಾನು ಎಂದು ಒಬ್ಬರಿಗಾದರೂ ಗೊತ್ತಾಗಬೇಕು. ಅಷ್ಟು ದೊಡ್ಡ ಆಸೆ ತನಗಿದೆಯೆಂದು ಅವಳಿಗೂ ಆಗಲೇ ತಿಳಿದದ್ದು.

ಸಂಜೆ ಮನೆಗೆ ಹೋಗುವಾಗ ಹಳೆಯ ಪರಿಚಯದ ಅಂಗಡಿಯಿಂದ ಒಂದು ಡಬ್ಬಿ ರೆಸಿನ್, ಅದನ್ನು ಗಟ್ಟಿಯಾಗಿಸುವ ಹಾರ್ಡನರ್ ಒಂದು ಸೀಸೆ, ಒಂದು ತುಂಡು ಮ್ಯಾಟ್ ಕೊಂಡಳು. ಬೆಳಿಗ್ಗೆ ಏಳಕ್ಕೇ ಬಂದು ಒಡೆದ ಜಾಗಕ್ಕೆ ತುಂಡನ್ನು ಹೊರಗಿನಿಂದ ಟೇಪು ಹಚ್ಚಿ ನಿಲ್ಲಿಸಿದಳು. ಒಳಗಿನಿಂದ ತಿಕ್ಕಿ ಒರಟು ಮಾಡಿ, ಮೂರು ಪದರ ಕೂರಿಸಿದಳು. ಗುಳ್ಳೆಯೊಂದು ಉಳಿದರೂ ಅಲ್ಲೇ ಒಡೆಯುತ್ತದೆ. ಬ್ರಶ್ಶಿನ ತುದಿಯಿಂದ ಚುಚ್ಚಿ ಚುಚ್ಚಿ ಎಲ್ಲವನ್ನೂ ಹೊರಗಟ್ಟಿದಳು. ಮೇ ತಿಂಗಳ ಬಿಸಿಲಿಗೆ ಅದು ಬೇಗ ಗಟ್ಟಿಯಾಯಿತು. ಹತ್ತಕ್ಕೆ ಲಾಲಪ್ಪ ಬರುವ ಹೊತ್ತಿಗೆ ಹೊರಗಿನ ಬಿರುಕಿಗೂ ರೆಸಿನ್ ತುಂಬಿ, ತಿಕ್ಕಿ, ಕೈ ತೊಳೆದುಕೊಂಡು ಬಾಗಿಲಿನ ಹತ್ತಿರ ಕೂತಿದ್ದಳು.

ಲಾಲಪ್ಪ ಹೆಬ್ಬೆರಳಿನಿಂದ ಒತ್ತಿ ನೋಡಿದ. ಮುಷ್ಟಿಯಿಂದ ಗುದ್ದಿದ. "ಯಾರ್ ಮಾಡ್ಯಾರಿದು?"

ಶಿವಕಾಂತಾ ಶಾಲೆಯಲ್ಲಿ ಹಾಜರಿ ಹೇಳುವಂತೆ ಕೈ ಎತ್ತಿದಳು. ಇದು ಫೈಬರು, ರೇಸಿನ ಗಾಡಿಗಳನ್ನು ಇದರಿಂದಲೇ ಮಾಡುತ್ತಾರೆ, ಹಗುರವಿದ್ದಷ್ಟೂ ಓಡುತ್ತದೆ ಎಂದು ಹೇಳಿದಳು. ಅದು ಅವಳ ಒಂದು ವಾರದ ಮಾತು.

ಲಾಲಪ್ಪ ತಂಬಾಕು ತಿಕ್ಕಿ ಬಾಯಿಗಿಟ್ಟುಕೊಳ್ಳುವಷ್ಟು ಹೊತ್ತು ಯೋಚಿಸಿದ. "ಚಲೋ ಆಯ್ತು. ಸಾಹುಕಾರಗ ನಾ ಮಾಡೀನಿ ಅಂತ ಹೇಳ್ತೀನಿ. ನೀ ಹೆಂಗೂ ಮಾತಾಡಂಗಿಲ್ಲ."

ಅವಳು ಮತ್ತೆ ಜೀಪಿನ ಬಾಗಿಲಿಗೆ ಪಾಲಿಶ್ ಪೇಪರ್ ಹಚ್ಚಿದಳು.

ಮಲಕಪ್ಪ ಹೆಂಡತಿ ಚನ್ನಬಸವ್ವನನ್ನು ಕರೆದುಕೊಂಡು ಬಂದ. ಅವಳು ಕಾರು ಗುಜರಿಗೆ ಹೋಗುವುದನ್ನು ಕಣ್ತುಂಬ ನೋಡಲು ಬಂದವಳು. ಗುಜರಿಯವನು ಅಷ್ಟರಲ್ಲೇ ಬಂದು, ಅಯಸ್ಕಾಂತ ಹಚ್ಚಿ, ಅದು ಜಾರಿ ಕಾಲ ಮೇಲೆ ಬಿದ್ದದ್ದರಿಂದ ಬೈದುಕೊಂಡು ಹೋಗಿಯಾಗಿತ್ತು. ಲಾಲಪ್ಪ ಬೆಳಿಗ್ಗೆ ಕಲಿತ ಪಾಠವನ್ನು ಒಪ್ಪಿಸಿದ. "ಪ್ಲಾಸ್ಟಿಕ್ ಅಲ್ರಿ, ಫೈಬರ್! ರೇಸಿನ ಗಾಡಿ ಇದರಲೆ ಮಾಡ್ತಾರ. ನೋಡ್ರಿ, ಹೆಂಗ ಜೋಡಿಸೀನಿ!"

ಚನ್ನಬಸವ್ವ ಸೆರಗು ಸಿಕ್ಕಿಸಿ, ಒಂದೇ ಕೈಯಿಂದ ಕಾರನ್ನು ನೂಕಿದಳು. ಗಾಳಿಯಿಲ್ಲದ ಗಾಲಿಯ ಮೇಲೂ ಅದು ಒಂದು ಮೊಳ ಸರಿಯಿತು.

"ಎಡಗೈ ಎಡಗೈ ಅಂತ ಮೂವತ್ತ್ ವರ್ಷ ನನ್ನ ಕಿವಿ ತಿಂದೀರಲ್ರಿ! ನನಗ ಚಾದ ಕಪ್ಪ ಯಾರ್ ಕೊಡ್ತಾರ ಈಗ?"

"ಸುಮ್ಮನಿರ ಸಾಕು," ಎಂದ ಮಲಕಪ್ಪ. ಆದರೆ ಅವನ ಗೆಣ್ಣು ಆಗಲೇ ಜೋಡಿಸಿದ ಜಾಗವನ್ನು ಬಡಿಯುತ್ತಿತ್ತು. ಆಚೆ ಬಡಿದ, ಈಚೆ ಬಡಿದ. ಎಲ್ಲ ಕಡೆ ಒಂದೇ ಸದ್ದು. ಜೋಡಿಸಿದ ಗುರುತು ಸಿಗಲಿಲ್ಲ. ಅವನೊಳಗಿನ ವ್ಯಾಪಾರಿ ಎಚ್ಚರಗೊಂಡ. "ನನ್ನ ಎದುರಿಗೆ ಒಂದು ತುಂಡು ಜೋಡಿಸಿ ತೋರ್ಸು. ಆಮ್ಯಾಲ ನೋಡೂಣು."

ಲಾಲಪ್ಪ ಶಿವಕಾಂತಾಳನ್ನು ನೋಡಿದ. ಅವಳು ನೆಲ ನೋಡಿದಳು. ಅವನು ಪ್ಲಾಸ್ಟಿಕ್ ಮಗ್ಗಿನ ತುಂಬ ರೆಸಿನ್ ಸುರಿದ. ಹಾರ್ಡನರನ್ನು ಹನಿ ಲೆಕ್ಕದಲ್ಲಿ ಹಾಕಬೇಕು. ಹನಿ ಹಾಕಿದರೆ ಗಟ್ಟಿಯಾಗುವುದಾದರೆ ಅರ್ಧ ಸೀಸೆ ಹಾಕಿದರೆ ಎಷ್ಟು ಗಟ್ಟಿಯಾದೀತು ಎಂಬುದು ಲಾಲಪ್ಪನ ಲೆಕ್ಕ. ಬ್ರಶ್ಶಿನಿಂದ ಕಲಕಿದ. ಮಗ್ಗು ಬೆಚ್ಚಗಾಯಿತು, ಬಿಸಿಯಾಯಿತು, ಹೊಗೆ ಎದ್ದಿತು.

"ನೋಡ್ರಿ, ಹೆಂಗ ಕುದೀಲಕತ್ತದ! ಅಸಲಿ ಮಾಲು!"

"ಕಾಕಾ, ಒಗೀರಿ ಅದನ್ನ! ಹೊರಗ ಒಗೀರಿ! ಕೈ ಸುಡ್ತದ!"

ಎದುರಿನ ಚಹಾದಂಗಡಿಯವನೂ ತಿರುಗಿ ನೋಡಿದ. ಲಾಲಪ್ಪ ಹೆದರಿ ಒಗೆದೇಬಿಟ್ಟ. ಮಗ್ಗಿಗೆ ಹೆದರಿದನೋ ಅವಳ ದನಿಗೋ ಹೇಳುವುದು ಕಷ್ಟ. ಮಗ್ಗು ಮಣ್ಣಿನಲ್ಲಿ ಕರಗುತ್ತಾ ಬಿತ್ತು. ಒಳಗಿನದು ಕಲ್ಲಾಗಿ, ಚಟಚಟ ಸೀಳಿ, ನಡುವೆ ಬ್ರಶ್ಶು ನೆಟ್ಟಗೆ ನಿಂತಿತು.

"ಯವ್ವಾ, ಈ ಹುಡುಗಿಗಿ ಬಾಯಿ ಅದ!" ಎಂದಳು ಚನ್ನಬಸವ್ವ. "ನಿನಗ ಹೆಂಗ ಗೊತ್ತಾತ, ತಂಗಿ?"

"ಆ ತುಂಡ ಜೋಡಿಸಿದಾಕಿ ನಾನು."

ಹೇಳಿಯಾದ ಮೇಲೆ ಅವಳಿಗೆ ಆಶ್ಚರ್ಯವಾಯಿತು. ನೆಲ ಬಿರಿಯಲಿಲ್ಲ. ಹಾಗಾದರೆ ಇನ್ನೊಂದು ಹೇಳಿದರೂ ನಡೆದೀತು ಎಂದು ಎದುರಿನ ಮಾಳಿಗೆಗೆ ಬೆರಳು ಮಾಡಿದಳು. "ಆ ಟಾಕಿನೂ ನಂದ. ಅದರ ಬಾಜೂದ್ದೂ."

ಮಲಕಪ್ಪ ಟಾಕಿಗಳನ್ನು ನೋಡಿದ, ಲಾಲಪ್ಪನನ್ನು ನೋಡಿದ. ಲಾಲಪ್ಪ ಕೈಗೆ ಉಫ್ ಉಫ್ ಎಂದು ಊದಿಕೊಳ್ಳುತ್ತ ಬಹಳ ಕಾರ್ಯನಿರತನಾಗಿದ್ದ.

"ಹಂಗಾರ ನೀನ ಮಾಡು," ಎಂದ ಮಲಕಪ್ಪ.

ಮರುದಿನ ಲಾಲಪ್ಪ ಕಾರಿನ ಸುತ್ತ ತಾಡಪತ್ರಿ ಕಟ್ಟಿಸಿದ. ಹೆಣ್ಣುಮಗಳು, ರಸ್ತೆಯ ಜನ ನೋಡುತ್ತಾರೆ ಎಂಬುದು ಅವನು ಕೊಟ್ಟ ಕಾರಣ. ಬೇರೆ ಗಿರಾಕಿಗಳು ನೋಡಬಾರದು ಎಂಬುದು ಕೊಡದ ಕಾರಣ. "ಬಿಸಿಲು ಬೇಕ್ರಿ ಕಾಕಾ, ಇಲ್ಲಂದ್ರ ಒಣಗಂಗಿಲ್ಲ," ಎಂದು ಅವಳೇ ಹಗ್ಗ ಬಿಚ್ಚಿದಳು. ಬಿಚ್ಚಿದ ಮೇಲೆ ತಾನು ಎಂಥ ಮೂರ್ಖ ಕೆಲಸ ಮಾಡಿಕೊಂಡೆನೆಂದು ತಿಳಿಯಿತು. ಕಾಲೇಜಿನ ಹುಡುಗರು ಚಹಾ ಗ್ಲಾಸು ಹಿಡಿದು ಸಾಲಾಗಿ ನಿಂತರು. ಕಿವಿ ಕಾದು, ಹನಿಗಳ ಎಣಿಕೆ ತಪ್ಪಿ, ಮೊದಲ ದಿನದ ರೆಸಿನ್ ಎಲ್ಲ ಚೆಲ್ಲಬೇಕಾಯಿತು. ಎರಡನೆಯ ದಿನ ರಸ್ತೆಗೆ ಬೆನ್ನು ತಿರುಗಿಸಿ ಕೂತಳು. ತನ್ನ ನೆರಳೇ ಕೆಲಸದ ಮೇಲೆ ಬಿತ್ತು. ಮೂರನೆಯ ದಿನ ಬೇರೆ ದಾರಿಯಿಲ್ಲದೆ ರಸ್ತೆಗೆ ಮುಖ ಮಾಡಿದಳು. ನಾಲ್ಕನೆಯ ದಿನ ನೋಡುವವರಿಗೇ ಬೇಸರ ಬಂತು.

ಒಂದೂವರೆ ತಿಂಗಳು ಹಿಡಿಯಿತು. ಇಂಜಿನ್ ಸ್ವಾರಗೇಟಿನ ಒಬ್ಬ ಮುದುಕ ಮೆಕ್ಯಾನಿಕನ ಹತ್ತಿರ ಹೋಗಿ ಕೆಮ್ಮುತ್ತ ಬಂತು, ಎರಡನೆಯ ಸಲ ಹೋಗಿ ಕೆಮ್ಮದೆ ಬಂತು. ಬಣ್ಣ ಯಾವುದೆಂದು ಗಂಡ ಹೆಂಡತಿ ಗ್ಯಾರೇಜಿನಲ್ಲೇ ಜಗಳವಾಡಿದರು. ಮಲಕಪ್ಪನಿಗೆ ಸ್ಟೀಲಿನ ಬಣ್ಣ ಬೇಕು, ಚನ್ನಬಸವ್ವನಿಗೆ ಗಿಳಿಹಸಿರು. ಕಾರು ಗಿಳಿಹಸಿರಾಯಿತು.

ಒಯ್ಯುವ ದಿನ ಮಲಕಪ್ಪ ಹೊಸ ಧೋತರ ಉಟ್ಟು ಬಂದ. ಬಲಗಾಲು ಒಳಗೆ ಹೋಯಿತು, ಎಡಗಾಲು ಹೋಯಿತು, ಹೊಟ್ಟೆ ಮಾತ್ರ ಸ್ಟೇರಿಂಗಿನ ಬಳಿ ತಕರಾರು ತೆಗೆಯಿತು. ಸೀಟನ್ನು ಕೊನೆಯವರೆಗೆ ಹಿಂದೆ ಸರಿಸಿದರು. ಉಸಿರು ಒಳಗೆಳೆದು ಸೀಟಿನೊಳಗೆ ಇಳಿದ.

"ಈಗ ಉಸರ ಬಿಡಲೋ ಬ್ಯಾಡೋ?"

"ಬಿಡ್ರಿ, ಆದ್ರ ಮಾತಾಡಬ್ಯಾಡ್ರಿ," ಎಂದು ಚನ್ನಬಸವ್ವ ಪಕ್ಕದಲ್ಲಿ ಕೂತಳು. ಕೂತವಳೇ ಲಾಲಪ್ಪನನ್ನು ಕೇಳಿದಳು, "ಮತ್ತ ಒಡಿಯಂಗಿಲ್ಲ, ಹೌದಿಲ್ಲೋ?"

"ಗ್ಯಾರಂಟಿ ರೀ ಅಕ್ಕಾರ! ನಿಮ್ಮ ಮರಿಮಕ್ಕಳ ಕಾಲಕ್ಕೂ—"

"ಒಡೀತದ್ರಿ," ಎಂದಳು ಶಿವಕಾಂತಾ. "ಎಲ್ಲ್ಯಾರ ಬಡದ್ರ ಒಡೀತದ. ಒಡದ್ರ ತುಂಡ ಒಗೀಬ್ಯಾಡ್ರಿ, ಆರಿಸ್ಕೊಂಡ ಬರ್ರಿ. ಬಂದ್ರ ಸೀದಾ ನನ್ನ ಕೇಳ್ರಿ."

ಮಲಕಪ್ಪ ಉಸಿರು ಬಿಡದೆಯೇ ತಲೆಯಾಡಿಸಿದ.

"ಮತ್ತ ಗುರುವಾರ ಬರಬ್ಯಾಡ್ರಿ. ಗುರುವಾರ ನನಗ ಸೂಟಿ."

ಗುರುವಾರ ಅವಳಿಗೆ ರಜೆ ಇದೆಯೆಂಬುದು ಲಾಲಪ್ಪನಿಗೂ ಆಗಲೇ ತಿಳಿದದ್ದು. ಬಾಯಿ ತೆರೆದ. ಇಂಜಿನ್ ಚಾಲೂ ಆಗಿತ್ತು. ಅವನು ಏನೆಂದನೋ ಯಾರಿಗೂ ಕೇಳಿಸಲಿಲ್ಲ.