ಅಂಜಲಿಯ ಹೋಮ್‌ವರ್ಕಿನಲ್ಲಿ ಇಬ್ಬರು ಕಡಿಮೆ

ಈ ಕಥೆಯ ತುದಿ ಯಾವುದು, ಬುಡ ಯಾವುದು ಅಂತ ಮೂರು ದಿನದಿಂದ ಹುಡುಕುತ್ತಿದ್ದೇನೆ. ಮೊದಲು ಹೀಗೆ ಬರೆದೆ:

"ಕುಷ್ಟಗಿಯ ಬಸ್‌ಸ್ಟ್ಯಾಂಡಿನ ಹಿಂದೆ ಸೂರ್ಯ ದಾಳಿಂಬೆ ಹಣ್ಣಿನಂತೆ ಕೆಂಪಾಗಿ..."

ಅಡ್ಡಗೆರೆ. ಸೂರ್ಯನಿಗೂ ಈ ಕಥೆಗೂ ಏನೂ ಸಂಬಂಧವಿಲ್ಲ. ದಾಳಿಂಬೆಯನ್ನು ಯಾಕೆ ತಂದೆನೋ ನನಗೇ ಗೊತ್ತಿಲ್ಲ. ಬರೆಯುವವರೆಲ್ಲ ತರುತ್ತಾರೆ, ನಾನೂ ತಂದೆ.

(ಹೊಡೆದು ಹಾಕಿದ್ದನ್ನು ನಮಗೇಕೆ ತೋರಿಸುತ್ತೀ ಅಂತ ನೀವು ಕೇಳಬಹುದು. ತೊಂಬತ್ತೇಳರಲ್ಲಿ ರಾತ್ರಿ ಸಾಲಿಗೆ ಹೋಗಿ ಅಕ್ಷರ ಕಲಿತವಳು ನಾನು. ಆಗ ನನಗೆ ಮೂವತ್ತೆಂಟು ವರ್ಷ. ನಾವು ಹೆಂಗಸರು ಸ್ಲೇಟಿನ ಮೇಲೆ ತಪ್ಪಾದ ಕೂಡಲೇ ಉಗುಳು ಹಚ್ಚಿ ಒರೆಸುತ್ತಿದ್ದೆವು. ಮೆಹಬೂಬಸಾಬ ಮಾಸ್ತರರು ಬೈಯುತ್ತಿದ್ದರು: "ಒರಸಬ್ಯಾಡ್ರಿ ಪಕ್ಕೀರವ್ವ, ಅಡ್ಡಗೆರಿ ಹೊಡೀರಿ. ತಪ್ಪು ಎಲ್ಲಿ ಆತು ಅಂತ ನಿಮಗ ಕಾಣಬೇಕಲ್ಲ." ಅವತ್ತಿನಿಂದ ಇದೇ ರೂಢಿ.)

ಇರಲಿ, ಹೋಮ್‌ವರ್ಕಿನಿಂದಲೇ ಶುರು ಮಾಡುತ್ತೇನೆ.

ಪ್ರಶ್ನೆ ೧. ಪ್ರಬುದ್ಧ ಕೆಂಪು ರಕ್ತಕಣದಲ್ಲಿ ಕೋಶಕೇಂದ್ರ ಇರುವುದಿಲ್ಲ. ಕಾರಣ ಕೊಡಿ.

ಓದಿದವಳು ಅಂಜಲಿ, ನನ್ನ ಮಗಳು ಕವಿತಾಳ ಮಗಳು. ಕವಿತಾಳನ್ನು ಕೊಟ್ಟದ್ದು ಯಲಬುರ್ಗಾ ಕಡೆಯ ಹಳ್ಳಿಗೆ. ಅಲ್ಲಿಂದ ಕಾಲೇಜು ದೂರವೆಂದು ಹುಡುಗಿ ಕುಷ್ಟಗಿಯಲ್ಲಿ ನನ್ನ ಹತ್ತಿರ ಇದ್ದು ಬಿ.ಎಸ್ಸಿ. ಓದುತ್ತಾಳೆ. ಪ್ರಶ್ನೆಗಳನ್ನು ಜೋರಾಗಿ ಓದುವುದು ಅವಳ ಚಟ. ಉತ್ತರ ಹೇಳುವುದು ನನ್ನ ಚಟ.

"ಒಳಗ ತನ್ನ ಸಾಮಾನ ತುಂಬಿಕೊಂಡು ಕುಂತರ, ಹೊರಾಕ ಜಾಗಾ ಎಲ್ಲೈತಿ?" ಅಂದೆ, ಜೋಳ ಹಸನು ಮಾಡುತ್ತಾ.

"ಅಜ್ಜಿ! ಪುಸ್ತಕದಾಗೂ ಹಂಗ ಐತಿ. ಆಕ್ಸಿಜನ್ ಹೊರಾಕ ಜಾಗಾ ಆಗ್ಲಿ ಅಂತ."

"ತನ್ನದು ಬಿಟ್ಟು ಮಂದೀದು ಹೊರತೈತಿ ಅಂದ್ರ ಅದು ಹೆಣ್ಣ ಇರಬೇಕು ಬಿಡು."

ಪ್ರಶ್ನೆ ೨, ೩. ಕಪ್ಪೆಯ ಹೃದಯದ ಚಿತ್ರ ಮತ್ತು ಭಾಗಗಳು. (ಬಿಡುತ್ತೇನೆ. ಕಪ್ಪೆಗೂ ನಮ್ಮ ಮನೆತನಕ್ಕೂ ಬೀಗತನ ಇಲ್ಲ.)

ಪ್ರಶ್ನೆ ೪. ಮೈಟೊಕಾಂಡ್ರಿಯ ಯಾರಿಂದ ಬರುತ್ತದೆ?

ಕೋಶದೊಳಗೆ ಒಲೆ ಹಚ್ಚುವ ಈ ಸಣ್ಣದು ತಾಯಿಯಿಂದ ಮಾತ್ರ ಬರುತ್ತದಂತೆ. ನನ್ನವ್ವನದು ನನಗೆ, ನನ್ನದು ಕವಿತಾಳಿಗೆ, ಕವಿತಾಳದು ಅಂಜಲಿಗೆ. ಒಲೆಯಿಂದ ಒಲೆಗೆ ಕೆಂಡ ಒಯ್ದ ಹಾಗೆ.

"ಯಂಕೇಶ ಮಾಮಗೂ ನಿಂದ ಐತಿ," ಅಂದಳು. "ಆದ್ರ ಅಂವ ಮುಂದ ಕೊಡಾಕ ಬರಂಗಿಲ್ಲ."

ಹೆಸರು ಹೇಳುವಾಗ ದುಪಟ್ಟಾ ಸರಿ ಮಾಡಿಕೊಂಡಳು. ಯಂಕೇಶ ನನ್ನ ಕೊನೆಯ ಮಗ. ಗಿಣಿಗೇರಾದ ಕಡೆ ಫ್ಯಾಕ್ಟರಿಯಲ್ಲಿ ಕ್ರೇನ್ ನಡೆಸುತ್ತಾನೆ, ಅಲ್ಲೇ ರೂಮು, ರವಿವಾರ ಬರುತ್ತಾನೆ. ಅಂಜಲಿಗೆ ಸೋದರಮಾವ. ಯುಗಾದಿ ಮುಗಿದ ಮೇಲೆ ಅವಳನ್ನು ಅವನಿಗೇ ಮದುವೆ ಮಾಡಿಕೊಡುವುದೆಂದು ಕವಿತಾ ನಿಶ್ಚಯಿಸಿದ್ದಾಳೆ. ಹುಡುಗಿಗೂ ಮನಸ್ಸಿದೆ, ಮುಂದೆ ಓದಿಸುತ್ತೇನೆಂದು ಅವನೂ ಮಾತು ಕೊಟ್ಟಿದ್ದಾನೆ.

ಇಲ್ಲಿಗೆ ಕಥೆ ಮುಗಿಸಿದ್ದರೆ ಎಷ್ಟು ಚಂದವಿತ್ತು! ನಿಲ್ಲಿಸಿಯೂ ಇದ್ದೆ. ಆದರೆ ಹಾಳೆಯ ಹಿಂದೆ ಇನ್ನೊಂದು ಪ್ರಶ್ನೆ ಇತ್ತು.

ಪ್ರಶ್ನೆ ೭. ನಿಮ್ಮ ಕುಟುಂಬದ ಮೂರು ತಲೆಮಾರಿನ ವಂಶಾವಳಿ ನಕ್ಷೆ ಬಿಡಿಸಿ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ. ರಕ್ತಸಂಬಂಧದಲ್ಲಿ ಮದುವೆಯಾಗಿದ್ದರೆ ಜೋಡುಗೆರೆ. ಆನುವಂಶಿಕ ಕಾಯಿಲೆ ಇದ್ದವರ ಚಿತ್ರಕ್ಕೆ ಕಪ್ಪು ತುಂಬಿ.

ಅಂಜಲಿ ನನ್ನನ್ನು ದುಂಡಗೆ ಬರೆದಳು. ನನ್ನ ಗಂಡ ವೆಂಕೋಬನನ್ನು ಚೌಕ ಬರೆದು ನಡುವೆ ಜೋಡುಗೆರೆ ಎಳೆದಳು. ಅವರು ನನ್ನವ್ವನ ತಮ್ಮ. ನಾನು ತೊಟ್ಟಿಲಲ್ಲಿದ್ದಾಗಲೇ "ಇದು ವೆಂಕೋಬಂದು" ಅಂತ ಹಿರಿಯರು ಮಾತು ಮುಗಿಸಿದ್ದರು. ನಮ್ಮ ಕೆಳಗೆ ಕವಿತಾಳ ವೃತ್ತ, ಯಂಕೇಶನ ಚೌಕ. ಕವಿತಾಳ ಕೆಳಗೆ ತಾನು.

"ನೋಡಜ್ಜಿ, ಎಷ್ಟು ಛಲೋ ಮನೆತನ! ಒಂದೂ ಕರೀದಿಲ್ಲ."

ಕವಿತಾಳಿಗೂ ಯಂಕೇಶನಿಗೂ ನಡುವೆ ಹನ್ನೊಂದು ವರ್ಷ. ನಕ್ಷೆಯಲ್ಲಿ ಅದು ಎರಡು ಬೆರಳು ಜಾಗ.

ಇಲ್ಲಿ ಮೂರು ಸಲ ಬರೆದು ಮೂರು ಸಲ ಗೆರೆ ಹೊಡೆದೆ. ಮೊದಲನೆಯದರಲ್ಲಿ ನಾನು ಸುಮ್ಮನಿರುತ್ತೇನೆ. ಎರಡನೆಯದರಲ್ಲೂ ಸುಮ್ಮನಿರುತ್ತೇನೆ, ಆದರೆ ಕಣ್ಣಲ್ಲಿ ನೀರು. (ಅದು ಇನ್ನೂ ಕೆಟ್ಟದಾಗಿತ್ತು.) ಮೂರನೆಯದು ಮುಗಿಯುವ ಮೊದಲೇ ಕವಿತಾಳ ಫೋನು.

"ಯವ್ವಾ, ನೀ ಮನೀದೆಲ್ಲಾ ಕಥಿ ಬರಿಯಾಕತ್ತೀಯಂತ? ಅಂಜಲಿ ಹೇಳಿದ್ಲು."

"ಬರೀತೀನಿ. ನೀನೂ ಅದರಾಗ ಅದೀ. ಒಂದು ಪಾತ್ರ."

"ಪಾತ್ರ ಅಲ್ಲ, ಮಗಳು ನಾ! ಹಳೇದು ತಗೀಬ್ಯಾಡ. ಸತ್ತವು ಸತ್ತು ಹೋದ್ವು."

"ಆ ಹುಡುಗನ್ನ ಬಗಲಾಗ ಹೊತ್ತು ಓಣಿ ತುಂಬಾ ತಿರಿಗಿದಾಕಿ ನೀನ ಅಲ್ಲೇನು?"

"ನನ್ನ ಮಗಳ ಮದುವಿ ಕೆಡಿಸಬ್ಯಾಡ ಯವ್ವಾ," ಅಂದಳು. ಅದು ಪಾತ್ರದ ಮಾತಲ್ಲ, ನಿಜವಾದ ಮಾತು. ಅದಕ್ಕೆ ಗೆರೆ ಹೊಡೆಯಲಿಲ್ಲ.

೭ (ಮುಂದುವರಿದುದು).

"ಅಂಜಲಿ, ಸಿಟ್ಟು ಬಂದಾಗ ನಿನ್ನ ಮಾಮಗ ಏನಂತಿ?"

ನಕ್ಕಳು. "ತಿಪ್ಪ ಮಾಮ."

"ಯಾಕ?"

"ಯಾಕಂದ್ರ... ಎಲ್ಲಾರೂ ಅಂತಾರಲ್ಲ?"

ನಮ್ಮ ಕಡೆ ಎಲ್ಲರೂ ಅನ್ನುತ್ತಾರೆ, ಯಾರೂ ಕೇಳುವುದಿಲ್ಲ. ತೊಟ್ಟಿಲಲ್ಲಿ ಕೂಸುಗಳು ಉಳಿಯದಿದ್ದರೆ, ಮುಂದೆ ಹುಟ್ಟಿದ್ದನ್ನು ತಿಪ್ಪೆಯ ಮೇಲೆ ಉರುಳಿಸಿ, ಕಸದಲ್ಲಿ ಸಿಕ್ಕಿತೆಂದು ಎತ್ತಿಕೊಂಡು, ತಿಪ್ಪ ಅಂತ ಕರೆದು, ಮೂಗು ಚುಚ್ಚುತ್ತೇವೆ. ಬೆಲೆಯಿಲ್ಲದ್ದೆಂದು ಸಾವು ಬಿಟ್ಟು ಹೋಗಲಿ ಅಂತ. ಸಾಲಿಯಲ್ಲಿ ಅವನು ಯಂಕೇಶ. ಮೂಗಿನ ತೂತು ಇನ್ನೂ ಇದೆ. ನನ್ನನ್ನೂ ನನ್ನವ್ವ ಫಕೀರನ ಜೋಳಿಗೆಗೆ ಹಾಕಿ, ಒಂದು ಸೇರು ಜೋಳ ಕೊಟ್ಟು ತಿರುಗಿ ಪಡೆದಳು. ಅದಕ್ಕೇ ಪಕ್ಕೀರವ್ವ. ನನಗಿಂತ ಮೊದಲು ಇಬ್ಬರು ಹೋಗಿದ್ದರು.

ಓದುಗರೇ, ಯಾವ ಮನೆಯ ತೊಟ್ಟಿಲು ಬರಿದಾಗಿತ್ತೆಂದು ತಿಳಿಯಲು ನಮ್ಮಲ್ಲಿ ನಕ್ಷೆ ಬೇಕಿರಲಿಲ್ಲ. ಓಣಿಯಲ್ಲಿ ನಿಂತು ಹೆಸರು ಕೂಗಿದರೆ ಸಾಕಿತ್ತು. ನಮ್ಮ ತಪ್ಪು ಒಂದೇ. ಹೆಸರು ಇಟ್ಟ ಮೇಲೆ ಲೆಕ್ಕ ತೀರಿತು ಅಂದುಕೊಂಡೆವು.

ಪೆನ್ಸಿಲ್ ಇಸಿದುಕೊಂಡು ಆ ಎರಡು ಬೆರಳು ಜಾಗದಲ್ಲಿ ಒಂದು ವೃತ್ತ, ಒಂದು ಚೌಕ ಬರೆದೆ. ಎರಡಕ್ಕೂ ಕಪ್ಪು ತುಂಬಿದೆ. ವೃತ್ತ ಹುಲಗೆಮ್ಮ, ಒಂದೂವರೆ ವರ್ಷ. ಚೌಕ ಯಮನೂರ, ಹನ್ನೊಂದು ತಿಂಗಳು. ಕವಿತಾ ಬಗಲಲ್ಲಿ ಹೊತ್ತವನು.

ರಾತ್ರಿ ಸಾಲಿ ಕಲಿತದ್ದಕ್ಕೆ ನನಗೆ ಅಂಗನವಾಡಿಯಲ್ಲಿ ಸಹಾಯಕಿ ಕೆಲಸ ಸಿಕ್ಕಿತ್ತು. ಹದಿನೆಂಟು ವರ್ಷ ಮಂದಿಯ ಮಕ್ಕಳನ್ನು ತಕ್ಕಡಿಗೆ ತೂಗುಹಾಕಿ ತೂಕ ಬರೆದಿದ್ದೇನೆ. ಪ್ರತಿಯೊಂದು ಕೂಸಿಗೂ ಒಂದು ಚಾರ್ಟು. ನನ್ನ ಈ ಎರಡು ಯಾವ ಚಾರ್ಟಿನಲ್ಲೂ ಇರಲಿಲ್ಲ. ಇದೇ ಮೊದಲು.

ಅಂಜಲಿ ಅಳಲಿಲ್ಲ. ಡಾಕ್ಟರರ ಹಾಗೆ ಕೇಳಿದಳು: "ಮೈ ಬಿಳಚಿಕೊಂಡಿತ್ತೇನಜ್ಜಿ? ಹೊಟ್ಟಿ ಉಬ್ಬಿತ್ತಾ?"

"ತುಟಿ ಜ್ವಾಳದ ಹಿಟ್ಟಿನಂಗ ಆಗಿದ್ವು. ದೃಷ್ಟಿ ಅಂದ್ರು. ತಾಯಿತ ಕಟ್ಟಿಸಿದ್ವಿ."

"ಇಬ್ಬರಿಗೂ ಹಂಗ?"

"ಇಬ್ಬರಿಗೂ."

ಅವಳು ಪುಸ್ತಕ ತಿರುವಿದಳು. ಮೈಯಲ್ಲಿ ರಕ್ತವೇ ಸರಿಯಾಗಿ ತಯಾರಾಗದ ಕಾಯಿಲೆ ಇರಬಹುದು, ಟೆಸ್ಟ್ ಮಾಡದೆ ಹೇಳಲು ಬರುವುದಿಲ್ಲ ಅಂದಳು. ಗಂಡ ಹೆಂಡತಿ ಇಬ್ಬರೂ ಅದನ್ನು ಒಳಗೊಳಗೇ ಹೊತ್ತಿದ್ದರೆ, ಹೊರಗೆ ಏನೂ ಕಾಣದು. ಮಕ್ಕಳಲ್ಲಿ ನಾಲ್ಕಕ್ಕೆ ಒಂದು ಹೀಗಾಗುತ್ತದಂತೆ, ಬದುಕಿ ಉಳಿದವರೂ ಅದನ್ನು ಹೊತ್ತು ಮುಂದೆ ಕೊಡಬಹುದಂತೆ.

"ನನಗ ನಾಲ್ಕರಾಗ ಎರಡು ಹೋದ್ವಲ್ಲ. ನಿಮ್ಮ ಲೆಕ್ಕ ತಪ್ಪೈತಿ."

"ತಪ್ಪಿಲ್ಲಜ್ಜಿ. ಪ್ರತಿ ಬಸುರಿಗೂ ಹೊಸದಾಗಿ ನಾಲ್ಕರಾಗ ಒಂದು. ಹಿಂದಿನದು ಅದಕ್ಕ ನೆನಪಿರಂಗಿಲ್ಲ."

ನಾನು ಜೋಳದ ಮೊರ ಕೆಳಗಿಟ್ಟೆ. ಅದಕ್ಕೆ ನೆನಪಿರುವುದಿಲ್ಲವಂತೆ. ಹಾಗಾದರೆ ನೆನಪಿಡುವ ಕೆಲಸ ಯಾರದ್ದು? ನನ್ನದಿತ್ತು. ಮೂವತ್ತು ವರ್ಷ ನಾನೂ ಮಾಡಿರಲಿಲ್ಲ.

ಈಗ ಮುಕ್ತಾಯಗಳು. ಬೇಕಾದ್ದನ್ನು ಆರಿಸಿಕೊಳ್ಳಿ.

ಅ) ಅಂಜಲಿ, ಯಂಕೇಶ ಇಬ್ಬರ ರಕ್ತವೂ ಸ್ವಚ್ಛ. ಮದುವೆ, ಹೋಳಿಗೆ ಊಟ. (ರವಿವಾರ ಬಂದ ಯಂಕೇಶ ನನ್ನ ನೋಟ್‌ಬುಕ್ ಓದಿ, "ಯವ್ವಾ, ಇದರಾಗ ನಾ ಭಾಳ ಚಂದ ಕಾಣ್ತೀನಿ, ಇದನ್ನ ಇಡು," ಅಂದ.)

ಆ) ಇಬ್ಬರೂ ಹೊತ್ತಿದ್ದಾರೆ. ಅಂಜಲಿ ಒಲ್ಲೆ ಅನ್ನುತ್ತಾಳೆ. ("ಆಮ್ಯಾಲೆ ನನಗ ಯಾರು ಹೆಣ್ಣು ಕೊಡ್ತಾರ? ಮೂವತ್ತೊಂದಾತು. ನಿಂಗೇನು, ಒಂದು ಸಾಲು ಬರದು ಕುಂದರ್ತಿ," ಅಂದ ಯಂಕೇಶ. ಸರಿಯಾದ ಮಾತು.)

ಇ) ಇಬ್ಬರೂ ಹೊತ್ತಿದ್ದಾರೆ, ಆದರೂ ಮದುವೆಯಾಗುತ್ತಾರೆ, ಪ್ರತಿ ಬಸುರಿಗೂ ಟೆಸ್ಟು ಮಾಡಿಸಿ, ಆ ಕಾಗದ ಬರುವವರೆಗೆ...

ಇದನ್ನು ಬರೆಯಲು ಕೈ ಬರಲಿಲ್ಲ. ತೊಟ್ಟಿಲ ಪಕ್ಕದಲ್ಲಿ ಕಾಯ್ದವಳು ನಾನು.

ಬುಧವಾರ ಇಬ್ಬರೂ ಹೋಗಿ ರಕ್ತ ಕೊಡುವುದು ಎಂದಾಗಿದೆ. ಕವಿತಾ ನನ್ನ ಜೊತೆ ಮಾತು ಬಿಟ್ಟಿದ್ದಾಳೆ, ಆದರೆ ಟೆಸ್ಟ್ ಬೇಡ ಅನ್ನಲಿಲ್ಲ. ಇವತ್ತಿನ್ನೂ ರವಿವಾರ. ಹೋಮ್‌ವರ್ಕ್ ಕೊಡುವುದು ನಾಳೆ.

ಯಂಕೇಶ ನಕ್ಷೆಯನ್ನು ತೊಡೆಯ ಮೇಲಿಟ್ಟುಕೊಂಡು ಕರಿಯ ಚೌಕದ ಮೇಲೆ ಬೆರಳಿಟ್ಟ. ಇನ್ನೊಂದು ಕೈ ಮೂಗಿನ ತೂತಿಗೆ ಹೋಯಿತು.

"ನನಗೊಬ್ಬ ಅಣ್ಣ ಇದ್ದ."

"ಇದ್ದ."

"ಹಂಗಾರ ಅಂಜಲೀನ್ನ ಅಂವಗ ಕೊಡ್ತಿದ್ರಿ, ನನಗಲ್ಲ."

"ಅಂವಗ ಈಗ ಮೂವತ್ತೈದು! ಮುದುಕ!" ಅಂದಳು ಅಂಜಲಿ. ಇಬ್ಬರೂ ನಕ್ಕರು. ನಗುತ್ತಿದ್ದ ಹಾಗೆಯೇ ಅವನು ಎದ್ದು ಹೊರಗೆ ಹೋಗಿ, ನಮಗೆ ಬೆನ್ನು ಮಾಡಿ ನಿಂತ.

ಅಂಜಲಿ ನಕ್ಷೆಯನ್ನು ತನ್ನ ಕಡೆ ಎಳೆದುಕೊಂಡಳು. ಯಂಕೇಶನ ಚೌಕದಿಂದ ಅವಳ ವೃತ್ತಕ್ಕೆ ಓರೆಯಾಗಿ ಒಂದು ಗೇಣು ಜಾಗ ಖಾಲಿ ಇದೆ. ಕೈಯಲ್ಲಿ ಪೆನ್ಸಿಲ್, ಸ್ಕೇಲು. ತಲೆ ಬಗ್ಗಿಸಿದ್ದಾಳೆ, ಜಡೆ ಹಾಳೆಯ ಮೇಲೆ ಬಿದ್ದಿದೆ. ಏನು ಮಾಡುತ್ತಿದ್ದಾಳೋ ನನಗೆ ಕಾಣುವುದಿಲ್ಲ. ಎದ್ದು ಹೋಗಿ ನೋಡಬಹುದು. ನೋಡಿದರೆ ಬರೆಯಬೇಕಾಗುತ್ತದೆ, ಬರೆದರೆ ಅದು ನಾನು ಎಳೆದ ಗೆರೆಯಾಗುತ್ತದೆ. ನನ್ನ ಜೋಡುಗೆರೆ ಎಳೆದವರು ನನ್ನನ್ನು ಕೇಳಿರಲಿಲ್ಲ. ಕೂತಲ್ಲೇ ಕೂತೆ.

ಅವಳು ತಲೆ ಎತ್ತದೆ ಕೇಳಿದಳು: "ಅಜ್ಜಿ, ರಬ್ಬರ್ ಎಲ್ಲಿಟ್ಟಿ?"

ಯಾವುದನ್ನು ಅಳಿಸಲಿಕ್ಕೆ ಅಂತ ನಾನು ಕೇಳಲಿಲ್ಲ. ರಬ್ಬರ್ ನನ್ನ ಸೆರಗಿನ ಗಂಟಿನಲ್ಲಿತ್ತು.

"ಅಡ್ಡಗೆರಿ ಹೊಡಿ," ಅಂದೆ.